ನಮ್ಮೂರಿನ ಮತಯಂತ್ರ ಮೇಜಿಗೆ ಬಂದಾಗ

ನಮ್ಮೂರ ಮತಗಟ್ಟೆಯ ಯಂತ್ರ ಮೇಜಿಗೆ ಬಂದದ್ದು ಆರನೇ ಸುತ್ತಿನಲ್ಲಿ. 2023ರ ಮೇ 13, ವಿಧಾನಸಭಾ ಚುನಾವಣೆಯ ಮತ ಎಣಿಕೆಯ ದಿನ, ಬೆಳಿಗ್ಗೆ ಹತ್ತೂವರೆ ದಾಟಿತ್ತು. ತಂತಿ ಜಾಲರಿಯ ಈಚೆ ನಿಂತು, ಮತದಾನದ ಸಂಜೆ ನಮ್ಮ ಏಜೆಂಟನಿಗೆ ಕೊಟ್ಟಿದ್ದ 17ಸಿ ನಮೂನೆಯ, ಅಂದರೆ ಮತಗಟ್ಟೆಯ ಮತಲೆಕ್ಕದ, ಪ್ರತಿಯನ್ನು ಬಿಚ್ಚಿ ಹಿಡಿದಿದ್ದೆ. ಒಟ್ಟು ಮತ 841. ಸಿಬ್ಬಂದಿ ಸೀಲು ತೋರಿಸಿದರು, ಸಂಖ್ಯೆ ತಾಳೆಯಾಯಿತು, ಫಲಿತಾಂಶದ ಗುಂಡಿ ಒತ್ತಿದರು. ಮಾನ್ಯತೆ ಪಡೆದ ಪಕ್ಷಗಳವರು ಮೊದಲು, ಪಕ್ಷೇತರರು ಕೊನೆಗೆ. ನನ್ನ ಸರದಿ ಬಂದಾಗ ಪರದೆಯ ಮೇಲೆ ಮೂಡಿದ್ದು 93. ಎಣಿಕೆ ಏಜೆಂಟನಾಗಿ ಕುಳಿತಿದ್ದ ನನ್ನ ತಂಗಿಯ ಮಗ ಅದನ್ನು ಬರೆದುಕೊಂಡ. ತಲೆ ಎತ್ತಿ ನನ್ನ ಮುಖ ನೋಡಲಿಲ್ಲ.

ಇದೇ ಊರು, 2019ರಲ್ಲಿ ನಾನು ಮರಾಠಾ ಲಘು ಪದಾತಿ ದಳದಿಂದ ಸುಬೇದಾರನಾಗಿ ನಿವೃತ್ತನಾಗಿ ಬಂದ ದಿನ, ಬಸ್ ನಿಲ್ದಾಣದಿಂದ ಮನೆಯವರೆಗೆ ತೆರೆದ ಜೀಪಿನಲ್ಲಿ ನನ್ನನ್ನು ಮೆರವಣಿಗೆ ಮಾಡಿತ್ತು. ಶಾಲೆಯ ಮಕ್ಕಳು ಧ್ವಜ ಹಿಡಿದು ನಡೆದಿದ್ದರು, ಹೆಂಗಸರು ಆರತಿ ಎತ್ತಿದ್ದರು. ಆ ಪ್ರೀತಿ ಸುಳ್ಳಾಗಿರಲಿಲ್ಲ. ಈ ತೊಂಬತ್ತಮೂರೂ ಸುಳ್ಳಲ್ಲ. ಇವೆರಡನ್ನೂ ಒಟ್ಟಿಗೆ ಅರಗಿಸಿಕೊಳ್ಳುವುದು ನನಗೆ ಬಹಳ ಕಷ್ಟವಾಯಿತು.

ಚುನಾವಣೆಗೆ ನಿಲ್ಲುವ ಯೋಚನೆ ಹುಟ್ಟಿದ್ದು ಊರ ಹೊರಗಿನ ಡಾಂಬರು ರಸ್ತೆಯಲ್ಲಿ. ಸೇನೆಗೆ ಸೇರುವ ಆಸೆಯ ಹುಡುಗರನ್ನು ಬೆಳಗಿನ ಐದು ಗಂಟೆಗೆ ಅಲ್ಲಿ ಓಡಿಸುತ್ತಿದ್ದೆ. ತಾಲ್ಲೂಕಿನಲ್ಲಿ ಓಡಲು ಒಂದು ನೆಟ್ಟಗಿನ ಮೈದಾನವಿರಲಿಲ್ಲ. ಒಂದು ನಸುಕಿನಲ್ಲಿ ಮರಳು ಲಾರಿಯೊಂದು ಹುಡುಗನೊಬ್ಬನ ತೋಳು ಸವರಿಕೊಂಡು ಹೋಯಿತು. ಮೈದಾನಕ್ಕಾಗಿ ಮೂರು ವರ್ಷ ಅರ್ಜಿ ಹಿಡಿದು ಅಲೆದೆ. ಕೊನೆಗೆ ಒಬ್ಬ ಗುಮಾಸ್ತರು, ‘ಸಾಹೇಬರೇ, ಇದು ಶಾಸಕರ ಮಟ್ಟದ ಕೆಲಸ’ ಎಂದರು. ಆ ಮಾತು ತಲೆಯಲ್ಲಿ ಉಳಿದುಬಿಟ್ಟಿತು.

ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಯ ನಾಮಪತ್ರಕ್ಕೆ ಕ್ಷೇತ್ರದ ಒಬ್ಬ ಮತದಾರ ಸೂಚಕನಾದರೆ ಸಾಕು, ಪಕ್ಷೇತರನಿಗೆ ಹತ್ತು ಜನ ಬೇಕು. ಹತ್ತು ಸಹಿ ಏನು ಮಹಾ ಎಂದುಕೊಂಡಿದ್ದೆ. ಸಲ್ಲಿಸುವ ಹಿಂದಿನ ರಾತ್ರಿ ಒಬ್ಬರು ಮನೆಗೆ ಬಂದು, ‘ಅಣ್ಣಾ, ಸಂಘದಲ್ಲಿ ಬೆಳೆಸಾಲ ಇದೆ. ನನ್ನ ಹೆಸರು ಬಿಟ್ಟುಬಿಡು’ ಎಂದು ಕೈ ಹಿಡಿದುಕೊಂಡರು. ಅವರ ಕಣ್ಣಲ್ಲಿ ನೀರಿತ್ತು. ನನಗೆ ಸಿಟ್ಟು ಬರಲಿಲ್ಲ. ಮಕ್ಕಳೊಂದಿಗನಾದ ರೈತ ತನ್ನ ಭಯವನ್ನು ಬಾಯಿಬಿಟ್ಟು ಹೇಳುವುದಕ್ಕೂ ಧೈರ್ಯ ಬೇಕು. ಹತ್ತನೆಯ ಸಹಿ ಹಾಕಿದವಳು ಊರಿನ ಟೈಲರ್ ಹೆಣ್ಣುಮಗಳು. ಅವಳ ತಮ್ಮ ನನ್ನೊಂದಿಗೆ ಓಡುತ್ತಿದ್ದವನು. ಠೇವಣಿಯ ಹತ್ತು ಸಾವಿರ ರೂಪಾಯಿ ಕಟ್ಟಿ ರಸೀದಿ ಪಡೆದು ಹೊರಬಂದಾಗ ಬೆಳಗಾವಿಯ ತರಬೇತಿ ಕೇಂದ್ರದ ಮೊದಲ ದಿನ ನೆನಪಾಯಿತು.

ನಾಮಪತ್ರ ಹಿಂಪಡೆಯುವ ಗಡುವು ಏಪ್ರಿಲ್ 24ಕ್ಕೆ ಮುಗಿಯಿತು. ನನ್ನ ಚಿಹ್ನೆ ಖಚಿತವಾದದ್ದು ಆ ನಂತರ: ಹೊಲಿಗೆ ಯಂತ್ರ. ಬಹಿರಂಗ ಪ್ರಚಾರ ಮೇ 8ರ ಸಂಜೆಗೆ ಕೊನೆ. ದಶಕಗಳಿಂದ ಜನರ ಕಣ್ಣಿಗೆ ಒಗ್ಗಿದ ಚಿಹ್ನೆಗಳ ನಡುವೆ ಹೊಸದೊಂದನ್ನು ಎರಡು ಲಕ್ಷದಷ್ಟು ಮತದಾರರಿಗೆ ಪರಿಚಯಿಸಲು ನನಗೆ ಸಿಕ್ಕಿದ್ದು ಹದಿನಾಲ್ಕು ದಿನ. ಈ ನಿಯಮ ಪಕ್ಷೇತರರಿಗೆ ಅನ್ಯಾಯ ಮಾಡುತ್ತದೆ ಎಂದು ಆಗಲೂ ಹೇಳಿದ್ದೆ, ಈಗಲೂ ಹೇಳುತ್ತೇನೆ.

ಪ್ರಚಾರದ ಎರಡನೇ ದಿನ ಗೆಳೆಯರೊಬ್ಬರು ಪ್ರೀತಿಯಿಂದ ಐದು ಸಾವಿರ ಕರಪತ್ರ ಮುದ್ರಿಸಿ ತಂದರು. ಮೇಲ್ಭಾಗದಲ್ಲಿ ಹಿಮದ ನಡುವೆ ಬಂದೂಕು ಹಿಡಿದು ನಿಂತ ಯೋಧರ ಚಿತ್ರ. ಸೈನಿಕರ ಚಿತ್ರಗಳನ್ನು ಪ್ರಚಾರಕ್ಕೆ ಬಳಸಬಾರದೆಂದು ಚುನಾವಣಾ ಆಯೋಗ ಹಿಂದೆಯೇ ಸೂಚಿಸಿದೆ. ಆದರೆ ಆ ಸೂಚನೆ ಇಲ್ಲದಿದ್ದರೂ ನಾನು ಅವನ್ನು ಹಂಚುತ್ತಿರಲಿಲ್ಲ. ಆ ಹಿಮದಲ್ಲಿ ನನ್ನ ಪಕ್ಕದ ಬಂಕರಿನಲ್ಲಿದ್ದವರು ಯಾವ ಪಕ್ಷದವರೋ ನಾನು ಕೇಳಿದವನಲ್ಲ. ಐದು ಸಾವಿರವನ್ನೂ ಹಿತ್ತಲಲ್ಲಿ ಸುಟ್ಟೆವು. ಗೆಳೆಯರು ಎರಡು ದಿನ ಮಾತು ಬಿಟ್ಟರು.

ಕ್ಷೇತ್ರದಲ್ಲಿ ಇನ್ನೂರಕ್ಕೂ ಹೆಚ್ಚು ಮತಗಟ್ಟೆಗಳು. ಎಲ್ಲ ಕಡೆ ನಮ್ಮವರನ್ನು ಕೂರಿಸಬೇಕೆಂದು ಹೊರಟವನಿಗೆ ಸಿಕ್ಕಿದ ಏಜೆಂಟರು ಮೂವತ್ತೇಳು ಜನ. ಕಾವಲಿಲ್ಲದ ಠಾಣೆಯನ್ನು ಸೇನೆಯಲ್ಲಿ ಯಾರೂ ಊಹಿಸಿಕೊಳ್ಳುವುದಿಲ್ಲ. ಮೇ 10ರ ನಸುಕಿನಲ್ಲಿ, ಅಣಕು ಮತದಾನಕ್ಕೆ ಆ ಮೂವತ್ತೇಳು ಕಡೆಯೂ ನಮ್ಮ ಹುಡುಗರು ಸಮಯಕ್ಕೆ ಸರಿಯಾಗಿ ಹಾಜರಿದ್ದರು ಎಂಬುದೇ ನನಗೆ ಹೆಮ್ಮೆ. ಉಳಿದ ಕಡೆಗಳಲ್ಲಿ ನನ್ನ ಹೆಸರು ಯಂತ್ರದ ಮೇಲೆ ಮಾತ್ರ ಇತ್ತು.

ಹಣ ಹಂಚಿ ನನ್ನನ್ನು ಸೋಲಿಸಿದರು ಎಂದು ಸಮಾಧಾನ ಹೇಳಲು ಬಂದವರು ಬಹಳ. ಹಣ ಹರಿದದ್ದನ್ನು ನಾನೂ ಕೇಳಿದ್ದೇನೆ. ಆದರೆ ನನ್ನ ಸೋಲಿನ ಕಾರಣವನ್ನು ಪ್ರಚಾರದ ನಡುವೆಯೇ ಒಬ್ಬ ಅಜ್ಜಿ ಹೇಳಿದ್ದಳು. ನಮ್ಮೂರ ಕೆಳಗಿನ ಓಣಿಯಲ್ಲಿ ಅವಳ ಕಾಲು ಮುಟ್ಟಿ ನಮಸ್ಕರಿಸಿದೆ. ಅವಳು ನನ್ನ ಗಲ್ಲ ಸವರಿದಳು.

‘ತಮ್ಮಾ, ನೀನು ಒಳ್ಳೆಯ ಮಗ. ಆದರೆ ನನ್ನ ಸೊಸೆಗೆ ನಡುರಾತ್ರಿ ಹೆರಿಗೆ ನೋವು ಬಂದಾಗ ಗಾಡಿ ಕಳಿಸಿದವನು ಅವನು. ನನ್ನ ಗಂಡ ಸತ್ತಾಗ ಹೆಣದ ಮುಂದೆ ಬಂದು ಕುಳಿತವನು ಅವನು. ಆಗ ನೀನು ಎಲ್ಲಿದ್ದೆ?’

‘ಗಡಿಯಲ್ಲಿದ್ದೆ, ಅವ್ವಾ.’

‘ಹೌದಪ್ಪಾ. ಅದಕ್ಕೇ ನಿನಗೆ ಕೈ ಮುಗಿಯುತ್ತೇನೆ. ಓಟು ಮಾತ್ರ ಅವನಿಗೆ.’

ಕೈ ಮುಗಿದೇ ಹೇಳಿದಳು. ನನ್ನ ಜೊತೆಗಿದ್ದ ಹುಡುಗರು ವಾದಕ್ಕಿಳಿಯಲು ನೋಡಿದರು, ನಾನು ತಡೆದೆ. ಇಪ್ಪತ್ತೆಂಟು ವರ್ಷ ಊರಿನ ಸಾವು, ಮದುವೆ, ಬರಗಾಲ ಯಾವುದಕ್ಕೂ ನಾನಿರಲಿಲ್ಲ. ನನ್ನ ಅಪ್ಪನ ಮಣ್ಣಿಗೂ ತಲುಪಲಾಗಲಿಲ್ಲ. ಆಗ ಹೆಗಲು ಕೊಟ್ಟವರು ಇದೇ ಓಣಿಯವರು. ಜನ ನನ್ನನ್ನು ಗೌರವಿಸಿದ್ದು ಎಲ್ಲಿಗೆ ಹೋಗಿದ್ದೆನೆಂಬುದಕ್ಕೆ. ಮತ ಕೇಳುವಾಗ ಅವರು ನೋಡಿದ್ದು ಎಲ್ಲಿ ಇರಲಿಲ್ಲವೆಂಬುದನ್ನು.

ಎಣಿಕೆ ಹಾಲಿನಲ್ಲಿ ಅಂದು ನನಗೆ ಸಂತೋಷ ಕೊಟ್ಟ ಗಳಿಗೆಯೂ ಒಂದಿತ್ತು. ಬೆಳಿಗ್ಗೆ ಎಂಟಕ್ಕೆ ಮೊದಲು ತೆರೆಯುವುದು ಅಂಚೆ ಮತಗಳನ್ನು. ಅವುಗಳಲ್ಲಿ ಕ್ಷೇತ್ರದ ಸೈನಿಕರ ಲಕೋಟೆಗಳೂ ಇರುತ್ತವೆ. 2004ರಲ್ಲಿ ನನ್ನ ಮತಪತ್ರ ಕಾಶ್ಮೀರದ ಉರಿಗೆ ಬಂದು ಸೇರುವಷ್ಟರಲ್ಲಿ ಫಲಿತಾಂಶವೇ ಬಂದಾಗಿತ್ತು. ಈಗ ಮತಪತ್ರವನ್ನು ಆನ್‌ಲೈನಿನಲ್ಲಿ ಕಳಿಸುತ್ತಾರೆ, ಮುದ್ರಿಸಿಕೊಂಡು ಗುರುತು ಹಾಕಿ ಅಂಚೆಗೆ ಕೊಡುತ್ತಾರೆ. ಆ ಲಕೋಟೆಗಳ ಕ್ಯೂಆರ್ ಕೋಡ್ ಒಂದೊಂದಾಗಿ ಓದಿಸುತ್ತಿದ್ದಾಗ, ಯಾರಿಗೆ ಹಾಕಿದ್ದಾರೆಂಬುದು ಮರೆತೇಹೋಗಿ, ಹುಡುಗರ ಮತ ಸಮಯಕ್ಕೆ ಬಂದು ಸೇರಿತಲ್ಲ ಎಂದು ಮನಸ್ಸು ತುಂಬಿತು.

ಕೊನೆಯ ಸುತ್ತಿನ ಹೊತ್ತಿಗೆ ನನ್ನ ಒಟ್ಟು ಮತ ಎರಡು ಸಾವಿರವನ್ನೂ ಮುಟ್ಟಿರಲಿಲ್ಲ. ಸಿಂಧುವಾದ ಮತಗಳ ಆರನೇ ಒಂದು ಭಾಗ ಬಾರದಿದ್ದರೆ ಠೇವಣಿ ಹೋಗುತ್ತದೆ, ಹೋಯಿತು. ಗೆದ್ದವರ ಕೈಕುಲುಕಿ, ಮೈದಾನದ ವಿಷಯ ನೆನಪಿಸಿ ಹೊರಬಂದೆ. ಖರ್ಚಿನ ಲೆಕ್ಕವನ್ನು ಮೂವತ್ತು ದಿನದೊಳಗೆ ಒಪ್ಪಿಸಬೇಕಿತ್ತು, ಒಪ್ಪಿಸಿದೆ. ಸುಟ್ಟ ಕರಪತ್ರಗಳ ಬಿಲ್ಲನ್ನೂ ಸೇರಿಸಿದ್ದೆ.

ಲೆಕ್ಕ ಒಪ್ಪಿಸಿ ಬಂದ ಸಂಜೆ ಕೆಳಗಿನ ಓಣಿಗೆ ಹೋದೆ. ಅಜ್ಜಿ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದಳು. ಚುನಾವಣೆಯ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬಾಗಿಲ ಪಕ್ಕದ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದ ಒಂದು ಫೋನ್ ನಂಬರಿತ್ತು, ಗಾಡಿ ಕಳಿಸಿದವನದು. ನನ್ನದನ್ನೂ ಬರೆಯಲೇ ಎಂದು ಕೇಳಿದೆ.

‘ರಾತ್ರಿಯೂ ಎತ್ತುತ್ತೀಯಾ?’

‘ಎತ್ತುತ್ತೇನೆ, ಅವ್ವಾ.’

ಒಲೆಯಿಂದ ಒಂದು ಇದ್ದಿಲ ಚೂರು ತಂದು ಕೊಟ್ಟಳು. ‘ಅವನದರ ಕೆಳಗೆ ಬರಿ. ಅಂಕಿ ದೊಡ್ಡದಿರಲಿ, ನನ್ನ ಮೊಮ್ಮಗನಿಗೆ ಕಾಣಬೇಕು.’