ಬಾಸ್ ಹಿಡಿದವನ ಬದುಕು

ವಯೊಲೆಂಟ್ ಫೆಮ್ಸ್ ಬ್ಯಾಂಡಿನ 1983ರ ಮೊದಲ ಆಲ್ಬಂ ಮತ್ತೆ ಕೇಳುತ್ತಿದ್ದೇನೆ. ಕಿವಿ ಹೋಗುವುದೆಲ್ಲ ಬ್ರಯನ್ ರಿಚಿ ನುಡಿಸುವ ಬಾಸ್ ಕಡೆಗೇ, ಅಂದರೆ ತಗ್ಗು ದನಿಯ ಗಿಟಾರಿನ ಕಡೆಗೆ. ಬಾಸ್ ಅಂದರೆ ಹಿಂದೆ ನಿಂತು ಸುಮ್ನೆ ತಾಳ ಕಾಯುವ ಕೆಲಸ ಅಂದುಕೊಳ್ಳುತ್ತೇವೆ, ಅಲ್ವಾ? ಈ ಆಸಾಮಿ ಹಾಗಲ್ಲ. ಕೈಯಲ್ಲಿ ಅಕೂಸ್ಟಿಕ್ ಬಾಸ್ ಗಿಟಾರ್, ಟೊಳ್ಳು ಹೊಟ್ಟೆಯಿಂದಲೇ ದನಿ ಹೊಮ್ಮಿಸುವಂಥದ್ದು. ಅದರ ಹೊಟ್ಟೆ ನೋಡಿದರೆ ತಂಬೂರಿ ಬುರುಡೆ ನೆನಪಾಗುತ್ತದೆ. ಹಾಡುವವನು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಇವನು ಮುಂದೆ ಬಂದು ನಿಂತಿರುತ್ತಾನೆ. ಒಂದು ಹಾಡಿನಲ್ಲಂತೂ ಮರದ ಪಟ್ಟಿಗಳನ್ನು ಬಡಿದು ನುಡಿಸುವ ಕ್ಸೈಲೋಫೋನ್ ಕೂಡ ಇವನದೇ!

ಅಮೆರಿಕದ ಮಿಲ್ವಾಕಿಯಲ್ಲಿ ರಸ್ತೆ ಬದಿ ನುಡಿಸುತ್ತಿದ್ದ ಮೂವರು ಇವರು. 1981ರಲ್ಲಿ ಒಂದು ಥಿಯೇಟರಿನ ಹೊರಗೆ ಆಗಲೇ ಹೆಸರು ಮಾಡಿದ್ದ ಪ್ರಿಟೆಂಡರ್ಸ್ ಅನ್ನುವ ರಾಕ್ ಬ್ಯಾಂಡಿನವರ ಕಣ್ಣಿಗೆ ಬಿದ್ದರು. ಅದೇ ರಾತ್ರಿ ಒಳಗಿನ ವೇದಿಕೆ ಸಿಕ್ಕಿತು.

ಆಮೇಲೆ ಹೆಸರು, ದುಡ್ಡು, ಜಗಳ. ಒಂದು ಹಾಡು ಬರ್ಗರ್ ಜಾಹೀರಾತಿಗೆ ಹೋಯಿತು. ಜಗಳ ಬೆಳೆದು 2007ರಲ್ಲಿ ರಿಚಿ ತನ್ನ ಬ್ಯಾಂಡಿನ ಗಾಯಕನ ಮೇಲೇ ಕೇಸು ಹಾಕಿದ. 2009ರಲ್ಲಿ ಬ್ಯಾಂಡ್ ಒಡೆಯಿತು, 2013ರಲ್ಲಿ ಮತ್ತೆ ಒಂದಾಯಿತು. ಕೋರ್ಟು ಮೆಟ್ಟಿಲು ಹತ್ತಿದವರು ಮತ್ತೆ ಒಂದೇ ಶ್ರುತಿಗೆ ಹೇಗೆ ಬಂದರೋ!

ನನಗೆ ಜಾಸ್ತಿ ಹಿಡಿಸಿದ್ದು ರಿಚಿಯ ಇನ್ನೊಂದು ಬದುಕು. ಜಪಾನಿನ ಬಿದಿರು ಕೊಳಲು ಶಾಕುಹಾಚಿ ಕಲಿತು, ಕಲಿಸುವ ಅರ್ಹತೆಯನ್ನೂ ಪಡೆದ. ಆಸ್ಟ್ರೇಲಿಯಾದ ಟಾಸ್ಮೇನಿಯಾಕ್ಕೆ ಹೋಗಿ ನೆಲೆಸಿ, ಮೋನಾ ಫೋಮಾ ಅನ್ನುವ ಸಂಗೀತ, ಕಲೆಯ ಉತ್ಸವವನ್ನು ವರ್ಷಗಟ್ಟಲೆ ರೂಪಿಸಿದ. ಪಂಕ್ ಅನ್ನುವ ಒರಟು, ರಭಸದ ರಾಕ್ ನುಡಿಸುವ ಬ್ಯಾಂಡಿನವರು ಬೇಗ ಸುಟ್ಟುಹೋಗುತ್ತಾರೆ ಅನ್ನುವವರು ಇವನನ್ನು ನೋಡಬೇಕು.

ಕೇಳುವುದಾದರೆ ಇಯರ್‌ಫೋನ್ ಹಾಕಿಕೊಳ್ಳಿ. ಫೋನ್ ಸ್ಪೀಕರಿನಲ್ಲಿ ಬಾಸ್ ಅರ್ಧಕ್ಕರ್ಧ ಮಾಯ.