ಖಾಲಿ ನಿವೇಶನದಲ್ಲಿ ಸ್ವೀಟ್ ಕಾರ್ನ್: ಎರಡನೆಯ ಸುತ್ತು

ಮೊದಲ ಸುತ್ತಿನ ಫಜೀತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಬಾಗಲಕೋಟೆ ನವನಗರದಲ್ಲಿ ನಮ್ಮ ಮನೆಯ ಪಕ್ಕದ ಖಾಲಿ ನಿವೇಶನದಲ್ಲಿ ಫೆಬ್ರವರಿ ಕೊನೆಗೆ ಕಂಪೌಂಡಿನ ಗುಂಟ ಒಂದೇ ಸಾಲಾಗಿ ಮೂವತ್ತು ಬೀಜ ಊರಿದ್ದೆ. ಗಿಡಗಳೇನೋ ಆಳೆತ್ತರ ಬೆಳೆದವು. ತೆನೆ ಸುಲಿದರೆ ಮುದುಕರ ಬಾಯಿ: ಅಲ್ಲೊಂದು ಹಲ್ಲು, ಇಲ್ಲೊಂದು ಹಲ್ಲು. ಅವ್ವ ಒಂದನ್ನು ತಿರುಗಿಸಿ ನೋಡಿ, "ಇದನ್ನು ಬೇಯಿಸಬೇಕೋ, ಎಣಿಸಬೇಕೋ?" ಎಂದಳು.

ತಪ್ಪು ಎರಡು. ತೆನೆಯ ತುದಿಯಲ್ಲಿ ಇಳಿಬಿದ್ದ ಒಂದೊಂದು ಕೂದಲೂ ಒಳಗಿನ ಒಂದೊಂದು ಕಾಳಿನದು. ಅದಕ್ಕೆ ಪರಾಗ ತಾಗದಿದ್ದರೆ ಆ ಜಾಗ ಖಾಲಿ. ಪರಾಗವನ್ನು ಹೊತ್ತು ತರುವುದು ಗಾಳಿ. ಒಂದೇ ಸಾಲಿದ್ದರೆ ಅದರಲ್ಲಿ ಹೆಚ್ಚಿನ ಪಾಲು ರಸ್ತೆಗೆ. ಮೇಲಾಗಿ ಏಪ್ರಿಲ್ ಬಿಸಿಲಿನ 40 ಡಿಗ್ರಿಯಲ್ಲಿ ಪರಾಗ ಒಣಗಿ ಕೆಲಸಕ್ಕೆ ಬಾರದಂತಾಗುತ್ತದೆ.

ಕಾರ ಹುಣ್ಣಿಮೆಯ ಮರುದಿನ. ಈ ಸಲ ಆರು ಸಾಲು, ಸಾಲಿಗೆ ಎಂಟು ಗಿಡ. ಸಾಲುಗಳ ನಡುವೆ ಎರಡು ಅಡಿ, ಗಿಡಗಳ ನಡುವೆ ಒಂದು ಗೇಣು. ಬೀಜ ಒಣದ್ರಾಕ್ಷಿಯಂತೆ ಸುಕ್ಕುಗಟ್ಟಿರುತ್ತದೆ. ಒಳಗೆ ಪಿಷ್ಟ ಕಡಿಮೆ, ಮೊಳೆಯುವ ಕಸುವೂ ಕಡಿಮೆ. ಎರೆ ಮಣ್ಣಿನಲ್ಲಿ ನೀರು ನಿಂತರೆ ಕೊಳೆತೇ ಹೋಗುತ್ತದೆ. ಅದಕ್ಕೇ ತಿಪ್ಪೆಗೊಬ್ಬರ ಬೆರೆಸಿ ಏರುಮಡಿ ಮಾಡಿಕೊಂಡು, ಒಂದು ಇಂಚು ಆಳಕ್ಕೆ ಊರಿದೆ.

20ನೇ ದಿನ. ಸುಳಿಯಲ್ಲಿ ನೆನೆದ ಕಟ್ಟಿಗೆ ಹೊಟ್ಟಿನಂಥ ಹಿಕ್ಕೆ. ಎಲೆ ಬಿಡಿಸಿದರೆ ಹುಳು ಕುಳಿತಿದೆ: ತಲೆಯ ಮೇಲೆ ತಲೆಕೆಳಗಾದ ವೈ ಅಕ್ಷರ, ಬಾಲದ ಹತ್ತಿರ ಚೌಕದಲ್ಲಿ ನಾಲ್ಕು ಕಪ್ಪು ಚುಕ್ಕೆ. 2018ರಲ್ಲಿ ದೇಶದಲ್ಲೇ ಮೊದಲು ನಮ್ಮ ರಾಜ್ಯದಲ್ಲಿ ಕಾಣಿಸಿಕೊಂಡ ಫಾಲ್ ಸೈನಿಕ ಹುಳು. ನಲವತ್ತೆಂಟು ಗಿಡಕ್ಕೆ ಪಂಪು ಹೊರುವುದೇಕೆಂದು ಬೆಳಿಗ್ಗೆ ಬೆಳಿಗ್ಗೆ ಕೈಯಿಂದಲೇ ಆರಿಸಿ ಸೋಪಿನ ನೀರಿಗೆ ಹಾಕಿದೆ, ಸುಳಿಗೆ ಬೇವಿನೆಣ್ಣೆ ಸಿಂಪಡಿಸಿದೆ. ಐದು ಗಿಡ ಹೋದವು.

ಗಿಡ ಮೊಣಕಾಲೆತ್ತರ ಬಂದಾಗ ಒಂದಿಷ್ಟು ಯೂರಿಯಾ ಕೊಟ್ಟು ಬುಡಕ್ಕೆ ಮಣ್ಣು ಏರಿಸಿದೆ. ಸಾವಯವ ಎಂದು ಹೇಳಿಕೊಳ್ಳುವ ಆಸೆಯಿತ್ತು. ಕೆಳಗಿನ ಎಲೆಗಳು ಹಳದಿಯಾದಾಗ ಆಸೆ ಬಿಟ್ಟೆ.

ಪಂಚಮಿಯ ವಾರ. ಕೂದಲು ಬಂದವು. ಮನೆಯಲ್ಲಿ ಉಂಡಿ ಕಟ್ಟುವ ಗಡಿಬಿಡಿ. ನಾನು ಮಾತ್ರ ಒಂಬತ್ತು ಗಂಟೆಗೆ, ಗಿಡಗಳ ಮೇಲಿನ ತೇವ ಆರಿದ ಮೇಲೆ, ಗಿಡದ ನೆತ್ತಿಯಲ್ಲಿ ಬರುವ ಗಂಡು ಹೂಗೊಂಚಲು, ಅಂದರೆ ಸೂಲಂಗಿಯನ್ನು ಕಾಗದದ ಮೇಲೆ ಬಗ್ಗಿಸಿ ಅಲುಗಿಸುವುದು, ಬಿದ್ದ ಹಳದಿ ಪುಡಿಯನ್ನು ಬೇರೆ ಗಿಡದ ಕೂದಲಿನ ಮೇಲೆ ಉದುರಿಸುವುದು. ಪಕ್ಕದ ಮನೆಯ ಕಾಕಾ ಗೇಟಿಗೆ ಒರಗಿ, "ಏನು ಮಾಸ್ತರರೇ, ಗೋವಿನಜೋಳಕ್ಕೆ ಭಂಡಾರ ಹಚ್ಚುತ್ತಿದ್ದೀರಾ?" ಎಂದರು.

72ನೇ ದಿನ. ಕೂದಲು ಬಂದು ಇಪ್ಪತ್ತು ದಿನಗಳ ಮೇಲಾಗಿತ್ತು. ಒಣಗಿ ಕಂದಾಗಿದ್ದವು, ಸಿಪ್ಪೆ ಇನ್ನೂ ಹಸಿರು. ಕಾಳಿಗೆ ಉಗುರು ಚುಚ್ಚಿದರೆ ನೀರು ಬಂದರೆ ಎಳೆಯದು, ಹಿಟ್ಟಿನಂತಿದ್ದರೆ ಬಲಿತದ್ದು. ಬಂದದ್ದು ಹಾಲು. ಕಿತ್ತ ಗಳಿಗೆಯಿಂದಲೇ ಸಕ್ಕರೆ ಪಿಷ್ಟವಾಗತೊಡಗುವುದರಿಂದ ಒಲೆಯ ಮೇಲೆ ನೀರು ಕುದಿಯಲಿಟ್ಟೇ ಕೀಳಲು ಹೋದೆ. ಹಬೆಯಲ್ಲಿ ಐದೇ ನಿಮಿಷ. ಒಂದನ್ನಂತೂ ಗಿಡದ ಬುಡದಲ್ಲೇ ಹಸಿಯಾಗಿ ತಿಂದೆ. ಹಲ್ಲು ತಾಗಿದೊಡನೆ ರಸ ಗದ್ದಕ್ಕೆ ಸಿಡಿಯಿತು. ತುದಿಯ ಒಂದು ಇಂಚು ಬಿಟ್ಟರೆ ಸಾಲಿನಲ್ಲಿ ಎಲ್ಲೂ ಸಂದಿಲ್ಲ.

ಇನ್ನು ಆರೋಗ್ಯದ ಮಾತು. ಅವ್ವನಿಗೆ ಸಕ್ಕರೆ ಕಾಯಿಲೆ. ಕಾಯಿಪಲ್ಲೆ ಅಂಗಡಿಯಲ್ಲಿ ಮಾರುತ್ತಾರೆಂದು ಇದನ್ನು ಕಾಯಿಪಲ್ಲೆಯ ಲೆಕ್ಕಕ್ಕೆ ಸೇರಿಸಿದರೆ ಕೆಟ್ಟೆವು. 100 ಗ್ರಾಂ ಹಸಿ ಕಾಳಿನಲ್ಲಿ ಸುಮಾರು 19 ಗ್ರಾಂ ಕಾರ್ಬೊಹೈಡ್ರೇಟ್ ಇದೆ; 3 ಗ್ರಾಂ ಪ್ರೋಟೀನ್, ಒಂದಿಷ್ಟು ನಾರು, ಕಣ್ಣಿಗೆ ಬೇಕಾದ ಲ್ಯೂಟೀನ್ ಕೂಡ ಇವೆ ಎನ್ನುವುದು ನಿಜ. ಆದರೂ ತಟ್ಟೆಯಲ್ಲಿ ಅದರ ಜಾಗ ರೊಟ್ಟಿಯ ಕಡೆಗೆ. ಹಾಗಾಗಿ ಕಾಳು ಬಿಡಿಸಿ, ಮೊಳಕೆ ಹೆಸರು, ಹಸಿ ಮೆಂತ್ಯೆ ಸೊಪ್ಪು, ಉಳ್ಳಾಗಡ್ಡಿ, ಲಿಂಬೆ ಸೇರಿಸಿ ಕೋಸಂಬರಿ ಮಾಡಿದ ರಾತ್ರಿ ಅವ್ವನಿಗೆ ಒಂದು ರೊಟ್ಟಿ ಕಡಿಮೆ ಎಂದು ಒಪ್ಪಂದವಾಯಿತು. ಒಪ್ಪಿದಳು. ಮೇಲೆ ಶೇಂಗಾ ಹಿಂಡಿ ಉದುರಿಸಿಕೊಂಡಳು. ತಟ್ಟೆಯ ಅಂಚಿನಲ್ಲಿ ಅರ್ಧ ರೊಟ್ಟಿ ಎಲ್ಲಿಂದ ಬಂತೋ ಗೊತ್ತಿಲ್ಲ.

ಹೊಸ ತೊಂದರೆ: ನಲವತ್ತು ತೆನೆಯೂ ಒಂದೇ ವಾರದಲ್ಲಿ ಬಲಿತವು. ಕಾಕಾಗೆ ಹನ್ನೆರಡು ಕೊಟ್ಟೆ, ದಂಟೆಲ್ಲ ಅವರ ಎಮ್ಮೆಗೆ. ಮುಂದಿನ ಸಲ ಹದಿನಾರರಂತೆ ಮೂರು ಮಡಿ, ಹತ್ತು ದಿನಕ್ಕೊಂದು. ನಾಲ್ಕು ಸಾಲಿಗೆ ನಾಲ್ಕು ಗಿಡವಾದರೂ ಚೌಕ ಚೌಕವೇ. ಮೊದಲ ಮಡಿಗೆ ನಾಳೆ ಗೊಬ್ಬರ.