ತೋಜಿಯ ಅಂಗಳದಲ್ಲಿ ಸಿಕ್ಕ ಬೀಜಾಕ್ಷರ

ಕ್ಯೋಟೋ ರೈಲು ನಿಲ್ದಾಣದಿಂದ ತೋಜಿ ದೇವಾಲಯಕ್ಕೆ ನಡೆದು ಹೋದರೆ ಹದಿನೈದು ನಿಮಿಷ. "ಮಾಮ, ಸಂತೆ ಎಲ್ಲಿಗೂ ಓಡಿಹೋಗಲ್ಲ, ತಿಂಡಿ ತಿಂದ್ಕೊಂಡು ಹೋಗೋಣ" ಎಂದ, ಒಸಾಕಾದಲ್ಲಿ ಕೆಲಸದಲ್ಲಿರುವ ಅಕ್ಕನ ಮಗ. ನಾನು ಕೇಳಲಿಲ್ಲ. ಬೆಳಗಿನ ಆರು ಗಂಟೆಗೇ ಅವನನ್ನು ಎಬ್ಬಿಸಿಕೊಂಡು ಹೊರಟೆ. ಒಳ್ಳೆಯ ತ್ಸುಬಾ ಬೇಕಿದ್ದರೆ ವ್ಯಾಪಾರಿ ಗಂಟು ಬಿಚ್ಚುವಾಗಲೇ ಮುಂದೆ ನಿಂತಿರಬೇಕು.

ತ್ಸುಬಾ ಎಂದರೆ ಜಪಾನಿ ಕತ್ತಿಯ ಹಿಡಿಗೂ ಅಲಗಿಗೂ ನಡುವೆ ಕೂರುವ ಬಿಲ್ಲೆ. ಅಂಗೈಯಲ್ಲಿ ಹಿಡಿಸುವಷ್ಟು ಅಗಲ, ಐದು ಮಿಲಿಮೀಟರಿನ ಆಸುಪಾಸು ದಪ್ಪ. ತಿವಿಯುವಾಗ ಕೈ ಜಾರಿ ಅಲಗಿನ ಮೇಲೆ ಹೋಗದಂತೆ ತಡೆಯುತ್ತದೆ, ಕತ್ತಿಗೆ ತೂಕದ ಹದವನ್ನೂ ಕೊಡುತ್ತದೆ. 1876ರಲ್ಲಿ ಮೇಜಿ ಸರಕಾರ ಸೈನಿಕರು, ಪೊಲೀಸರಂಥವರನ್ನು ಬಿಟ್ಟು ಉಳಿದವರು ಕತ್ತಿ ಕಟ್ಟಿಕೊಂಡು ಓಡಾಡುವುದನ್ನು ನಿಷೇಧಿಸಿತು. ಅಲಗಿನಿಂದ ಬೇರೆಯಾದ ಎಷ್ಟೋ ತ್ಸುಬಾಗಳು ಹಡಗು ಹತ್ತಿ ಯುರೋಪು, ಅಮೆರಿಕ ಸೇರಿದವು. ಉಳಿದವು ಇಂಥ ಸಂತೆಗಳಲ್ಲಿ ಇವತ್ತಿಗೂ ಕೈ ಬದಲಾಯಿಸುತ್ತಿವೆ.

ತೋಜಿಯ ಸಂತೆ ನಡೆಯುವುದು ಪ್ರತಿ ತಿಂಗಳ 21ಕ್ಕೆ. ಜನ ಕೋಬೋ ದೈಶಿ ಎಂದು ಕರೆಯುವ ಬೌದ್ಧ ಗುರು ಕೂಕಾಯ್ 835ರ ಮೂರನೇ ತಿಂಗಳ 21ರಂದು ತೀರಿಕೊಂಡರು, ಅವರ ಹೆಸರಿನ ಸಂತೆ ಇದು. ಐದು ಅಂತಸ್ತಿನ ಮರದ ಗೋಪುರದ ಕೆಳಗೆ ಹಳೆಯ ಕಿಮೋನೊ, ಉಪ್ಪಿನಕಾಯಿ, ಗಿಡದ ಕುಂಡ, ಪಿಂಗಾಣಿ. ನಾನು ಯಾವುದನ್ನೂ ನೋಡಲಿಲ್ಲ. ಕಬ್ಬಿಣದ ಕಪ್ಪನ್ನೇ ಹುಡುಕುತ್ತ ಹೋದೆ.

ನಾಲ್ಕು ವರ್ಷದ ಹಿಂದೆ ಅಂತರ್ಜಾಲದಲ್ಲಿ ಕೊಂಡ ನನ್ನ ಮೊದಲ ತ್ಸುಬಾ ಎರಕ ಹೊಯ್ದ ನಕಲು. ಆ ನೋವು ಕಣ್ಣಿಗೆ ಒಂದು ಪಾಠ ಕಲಿಸಿತ್ತು: ಮೊದಲು ನೋಡಬೇಕಾದದ್ದು ಚಿತ್ರವನ್ನಲ್ಲ, ಕೊರೆದ ತೂತುಗಳ ಒಳಗೋಡೆಯನ್ನು. ಬಡಿದ ಕಬ್ಬಿಣವನ್ನು ಕೊರೆದಿದ್ದರೆ ಅಲ್ಲಿ ಅರದ ಗೀರು ಕಾಣುತ್ತದೆ, ಅಂಚು ಚೂಪಾಗಿರುತ್ತದೆ. ಎರಕದ್ದಾದರೆ ಅಚ್ಚು ಸೇರಿದ ಗೆರೆ, ಗುಳ್ಳೆಯ ಕುಳಿ, ಕರಗಿದ ಬೆಲ್ಲದಂಥ ಮೊಂಡು ಅಂಚು.

ಪೂರ್ವದ ಗೋಡೆಯ ಪಕ್ಕ ಒಬ್ಬ ಅಜ್ಜ ನೀಲಿ ಬಟ್ಟೆಯ ಮೇಲೆ ಹತ್ತು ಹನ್ನೆರಡು ತ್ಸುಬಾ ಜೋಡಿಸುತ್ತಿದ್ದರು. ಕೊಕ್ಕರೆ, ಪೈನ್ ಮರ, ಹಡಗು. ತುದಿಯಲ್ಲಿದ್ದ ಒಂದನ್ನು ಕಂಡು ಕಾಲು ಅಲ್ಲೇ ನಿಂತಿತು. ನುಣುಪಿಲ್ಲದ ಗುಂಡು ಕಬ್ಬಿಣ, ಅದರಲ್ಲಿ ಆಚೆಗೆ ತೂತು ಬೀಳುವಂತೆ ಕೊರೆದ ಒಂದೇ ಅಕ್ಷರ, ಮೇಲೆ ಅನುಸ್ವಾರದ ಚುಕ್ಕೆ. ಜಪಾನಿ ಅಕ್ಷರವಲ್ಲ ಅದು, ಸಿದ್ಧಂ ಲಿಪಿ. ಬ್ರಾಹ್ಮಿಯ ಮನೆತನದ್ದು, ನಮ್ಮ ಕನ್ನಡ ಲಿಪಿಗೆ ದೂರದ ದಾಯಾದಿ. ಕೂಕಾಯ್ 806ರಲ್ಲಿ ಚೀನಾದಿಂದ ಮರಳುವಾಗ ಮಂತ್ರಗಳ ಜೊತೆ ಈ ಲಿಪಿಯ ವಿದ್ಯೆಯನ್ನೂ ತಂದರು.

ಅಜ್ಜ ಬೆರಳಿಟ್ಟು, "ಕಾನ್. ಫುದೋ-ಸಾಮಾ" ಎಂದರು. ಅವರು ಕಾನ್ ಎಂದದ್ದು ಸಂಸ್ಕೃತದ "ಹಾಂ", ಫುದೋ ಎಂದರೆ ಅಚಲ. ಬಲಗೈಯಲ್ಲಿ ಖಡ್ಗ, ಎಡಗೈಯಲ್ಲಿ ಪಾಶ ಹಿಡಿದು ಬೆಂಕಿಯ ನಡುವೆ ಅಲುಗದೆ ಕೂರುವ ದೇವರು. ಸಾಯಲು ಸಿದ್ಧನಾಗಿ ಹೊರಡುವ ಯೋಧ ಅವನ ಬೀಜಾಕ್ಷರವನ್ನು ತನ್ನ ಮುಷ್ಟಿಯ ಮುಂದೆಯೇ ಇಟ್ಟುಕೊಳ್ಳುತ್ತಿದ್ದ.

ಅಜ್ಜ ಅದನ್ನು ಎರಡೂ ಕೈಯಲ್ಲಿ ಎತ್ತಿ ಕೊಟ್ಟರು, ನಾನೂ ಎರಡೂ ಕೈಯೊಡ್ಡಿ, ಅಂಚಿನಲ್ಲಷ್ಟೇ ಹಿಡಿದುಕೊಂಡೆ. ಅನುಸ್ವಾರದ ತೂತಿನೊಳಗೆ ಅರದ ಗೀರುಗಳಿದ್ದವು. ಅಲಗಿನ ಬಾಲ ತೂರುವ ನಡುತೂತಿನ ಮೇಲೆ, ಕೆಳಗೆ ತಾಮ್ರದ ಬೆಣೆ: ಒಂದಕ್ಕಿಂತ ಹೆಚ್ಚು ಕತ್ತಿಗಳಿಗೆ ಇದನ್ನು ಹೊಂದಿಸಿದ್ದಾರೆ. ಸುತ್ತಂಚಿನಲ್ಲಿ ಬೆರಳಾಡಿಸಿದರೆ ಅಲ್ಲಲ್ಲಿ ಗಂಟು ಗಂಟು. ಬಡಿಯುವಾಗ ಬೇರೆ ಬೇರೆ ಗಡಸಿನ ಕಬ್ಬಿಣ ಪೂರ್ತಿ ಬೆರೆಯದೆ ಉಳಿದ ಈ ಗಂಟನ್ನು ಜಪಾನಿಯರು ತೆಕ್ಕೊತ್ಸು, ಕಬ್ಬಿಣದ ಎಲುಬು, ಎನ್ನುತ್ತಾರೆ. ಚಿನ್ನ ಕೂರಿಸಿದ ನಾಜೂಕಿನ ತ್ಸುಬಾಗಳಿಗಿಂತ ಈ ಎಲುಬೇ ನನಗೆ ಹೆಚ್ಚು.

ಸಹಿ ಇರಲಿಲ್ಲ. ಎಡೊ ಕಾಲದ (1603–1868) ನಡುಭಾಗದ್ದು ಎಂದರು ಅಜ್ಜ. 28,000 ಯೆನ್. ಚೌಕಾಸಿ ಮಾಡಲು ಮನಸ್ಸು ಬರಲಿಲ್ಲ.

ಕೆಳ ಅಂಚಿನಲ್ಲಿ ಸಾಸಿವೆಯಷ್ಟು ಕೆಂಪು ತುಕ್ಕಿತ್ತು. ಊರಲ್ಲಾದರೆ ಹುಣಸೆಹಣ್ಣು ಹಚ್ಚಿ ತಿಕ್ಕಿಬಿಡುತ್ತಿದ್ದರು. ಇಲ್ಲಿ ಅದು ಮಹಾಪರಾಧ. ಹುಳಿ ಸೋಕಿದರೆ ನೂರಾರು ವರ್ಷ ಕೂತು ಬೆಳೆದ ಕಪ್ಪು ಚರ್ಮವೇ ಕಿತ್ತುಹೋಗುತ್ತದೆ. ಅಜ್ಜ ಜಿಂಕೆಕೊಂಬಿನ ಚೂರಿನಿಂದ ತುಕ್ಕಿನ ಮೇಲೆ ಮೆಲ್ಲಗೆ ಆಡಿಸಿ ತೋರಿಸಿದರು, ಆಮೇಲೆ ಹತ್ತಿ ಬಟ್ಟೆಯಲ್ಲಿ ಒರೆಸಿದರು. ಅಕ್ಕನ ಮಗನ ಮೂಲಕ ಕೇಳಿದೆ, "ಎಷ್ಟು ದಿನ ಹಿಡಿಯುತ್ತೆ?" ಅವರು ನಕ್ಕರು. "ನೀವಿರುವಷ್ಟು ದಿನ."

ಪೆಟ್ಟಿಗೆಯನ್ನು ಜೇಬಿನಲ್ಲಿಟ್ಟುಕೊಂಡು ಅದೇ ದೇವಾಲಯದ ಕೋದೊ ಮಂಟಪಕ್ಕೆ ಹೋದೆವು. ಮಬ್ಬುಗತ್ತಲಲ್ಲಿ 21 ವಿಗ್ರಹಗಳು. ಒಂದು ತುದಿಗೆ ಹಂಸಗಳ ಮೇಲೆ ಬ್ರಹ್ಮ, ಇನ್ನೊಂದು ತುದಿಗೆ ಆನೆಯ ಮೇಲೆ ಇಂದ್ರ. ಅಕ್ಕನ ಮಗ, "ಮಾಮ, ಇವರೆಲ್ಲ ನಮ್ಮೋರೇ" ಎಂದು ಪಿಸುಗುಟ್ಟಿದ. ಫುದೋ ಖಡ್ಗ ಹಿಡಿದು ಕೂತಿದ್ದ. ಎಷ್ಟು ಹೊತ್ತು ನಿಂತೆನೋ. ತಿಂಡಿ ತಿನ್ನದ ಹುಡುಗ ತೋಳು ಹಿಡಿದು ಎಳೆದಾಗಲೇ ಎಚ್ಚರ.

ಊರಿಗೆ ಬಂದು ಎಂಟು ತಿಂಗಳಾಯಿತು. ಅಜ್ಜ ಕೊಟ್ಟು ಕಳಿಸಿದ ಹತ್ತಿ ಬಟ್ಟೆಯಿಂದ ದಿನಾ ರಾತ್ರಿ ಹತ್ತು ನಿಮಿಷ ಒರೆಸುತ್ತೇನೆ. ಸಾಸಿವೆಯಷ್ಟಿದ್ದ ತುಕ್ಕು ಈಗ ಗಸಗಸೆಯಷ್ಟಿದೆ.